ಮುಳುಗಿದ ಎಳೆ

ಎಳೆ ಮುಳುಗಿತು.

ಪಿಎಸ್‌ಐ ಶೈಲಾ ಗಾಜಿನ ಲೋಟವನ್ನು ಠಾಣೆಯ ಕಿಟಕಿಯ ಬೆಳಕಿಗೆ ಹಿಡಿದಳು. ಕುಸಿದ ಕಟ್ಟಡದ್ದೆಂದು ಠಾಣೆಗೆ ಬಂದ ಕಾಂಕ್ರೀಟ್ ತುಂಡಿನಿಂದ ಚಿಮಟದಲ್ಲಿ ಕಿತ್ತ, ಕೂದಲಿನಷ್ಟು ತೆಳ್ಳನೆಯ ಎಳೆ ಮೆಲ್ಲಗೆ ಇಳಿದು ತಳದಲ್ಲಿ ಮಲಗಿಬಿಟ್ಟಿತು.

"ಮೇಡಂ, ಇದು ನನ್ನ ನೂಲಲ್ಲರಿ," ಎಂದಳು ಎದುರಿಗೆ ಕೂತಿದ್ದ ಆಫ್ರೀನ. ದನಿ ನಡುಗುತ್ತಿತ್ತು. "ನನ್ನದು ತೇಲ್ತೈತಿ. ಬೆರಳಿನಿಂದ ಒತ್ತಿ ಮುಳುಗಿಸಿದ್ರೂ ಮ್ಯಾಲ ಬರ್ತೈತಿ."

ಸೋಮವಾರ ಬೆಳಿಗ್ಗೆ ಇಳಕಲ್ಲಿನ ಅಂಚಿನಲ್ಲಿ ನೇಕಾರ ಹೆಣ್ಣುಮಕ್ಕಳ ಸಂಘ ಕಟ್ಟಿಸುತ್ತಿದ್ದ ಮಗ್ಗದ ಮನೆಯ ಗೋಡೆಯಿಂದ ಹೊರಚಾಚಿದ ಸಜ್ಜಾ ಕುಸಿದು, ಸಂಘದ ಹಿರಿಯಳು ಶಿವಬಸವ್ವನ ಕಾಲು ಮುರಿದಿತ್ತು. ಕಾಂಕ್ರೀಟಿಗೆ ಪ್ಲಾಸ್ಟಿಕ್ ನೂಲು ಬೆರೆಸಲು ಹೇಳಿದ ಇಂಜಿನಿಯರ್ ಹುಡುಗಿಯದೇ ತಪ್ಪು ಎಂದು ಊರು ಅವತ್ತೇ ತೀರ್ಮಾನ ಮಾಡಿತ್ತು.

ಆ ಹುಡುಗಿ ಹುನಗುಂದದ ಆಫ್ರೀನ. ಅವಳು ಸ್ವತಂತ್ರವಾಗಿ ಕೈಗೆತ್ತಿಕೊಂಡ ಮೊದಲ ಕಟ್ಟಡ ಅದು.

"ಸಿಮೆಂಟು ಅಂಟ್ಕೊಂಡೈತಿ, ಅದಕ್ಕ ಮುಳುಗೇತಿ," ಎಂದ ಬಾಗಿಲ ಬಳಿ ನಿಂತಿದ್ದ ಹವಾಲ್ದಾರ ಇಮಾಮಹುಸೇನ. "ಹತ್ತಿಕಾಳಿಗೆ ಕಲ್ಲು ಕಟ್ಟಿದ್ರ ಅದೂ ಮುಳುಗ್ತೈತಿ."

"ಖರೆ ಐತಿ ಚಾಚಾ," ಆಫ್ರೀನ ಅವನ ಕಡೆ ತಿರುಗಿದಳು. "ಲಿಂಬಿಹುಳಿ ಐತೇನು? ಹುಳಿಗೆ ಸಿಮೆಂಟು ಬಿಡ್ತೈತಿ."

ಇಮಾಮಹುಸೇನ ತನ್ನ ಉಪ್ಪಿಟ್ಟಿನ ಪೊಟ್ಟಣದಿಂದ ಅರ್ಧ ಲಿಂಬೆಹೋಳು ತೆಗೆದು ತಟ್ಟೆಯಲ್ಲಿ ಹಿಂಡಿದ. ಶೈಲಾ ಎಳೆಯನ್ನು ರಸದಲ್ಲಿ ಅದ್ದಿದಳು. ಸಣ್ಣ ಗುಳ್ಳೆಗಳು ಎದ್ದವು. ಬೂದುಬಣ್ಣ ಮೆತ್ತಗಾಗಿ ಕಳಚತೊಡಗಿತು. ಅವಳು ಎಳೆಯನ್ನು ಬೆರಳ ನಡುವೆ ತಿಕ್ಕಿ, ಬಿಳಿ ಕರವಸ್ತ್ರದ ಮೇಲಿಟ್ಟಳು.

ಮೂವರೂ ಬಗ್ಗಿ ನೋಡಿದರು.

ಎಳೆ ಕೆಂಪಗಿತ್ತು. ಒಡೆದ ದಾಳಿಂಬೆಯ ಕೆಂಪು.

"ಯಾ ಅಲ್ಲಾ," ಎಂದ ಇಮಾಮಹುಸೇನ. "ಇದು ಸೀರಿ ದಾರ."

ಶೈಲಾ ಅದನ್ನು ಮತ್ತೆ ನೀರಿಗೆ ಬಿಟ್ಟಳು. ಸ್ವಚ್ಛವಾದ ಎಳೆ ಈ ಸಲವೂ ಮುಳುಗಿತು. ತುಂಡಿನಿಂದ ಇನ್ನೊಂದು ಎಳೆ ಕಿತ್ತು, ತೊಳೆದು, ಕಡ್ಡಿ ಗೀರಿ ಉರಿಗೆ ಹಿಡಿದಳು. ಎಳೆ ಸುರುಟಿತು, ಕಪ್ಪು ಹೊಗೆ ಬಂತು, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕರಿಮಣಿ ಉಳಿಯಿತು. ಉಗುರಿನಿಂದ ಒತ್ತಿದರೆ ಪುಡಿಯಾಗಲಿಲ್ಲ.

"ಪಾಲಿಯೆಸ್ಟರ್," ಎಂದಳು ಆಫ್ರೀನ. ಅವಳ ಕಣ್ಣಲ್ಲಿ ಮೊದಲ ಬಾರಿಗೆ ಜೀವ ಬಂದಂತಿತ್ತು. "ನಾ ಹಾಕಿಸಿದ್ದು ಪಾಲಿಪ್ರೊಪಿಲೀನ್. ಬೆಳ್ಳಗಿರ್ತೈತಿ. ನೀರಿಗಿಂತ ಹಗುರ. ಸುಟ್ಟರ ಮೇಣಬತ್ತಿ ವಾಸನಿ ಬರ್ತೈತಿ. ಮೇಡಂ, ಯಾರೋ ಬದಲಿ ಮಾಡ್ಯಾರ!"

"ಅಥವಾ ನೀನೇ ಸೋವಿ ಮಾಲು ತರಿಸಿರಬಹುದು," ಎಂದಳು ಶೈಲಾ ಶಾಂತವಾಗಿ.

ಆಫ್ರೀನಳ ಮುಖ ಬಾಡಿತು.

ಶೈಲಾ ಓದಿದ್ದು ಇತಿಹಾಸ. ರಸಾಯನಶಾಸ್ತ್ರಕ್ಕೂ ಅವಳಿಗೂ ಹತ್ತನೇ ಇಯತ್ತೆಯಲ್ಲೇ ಸಂಬಂಧ ಕಡಿದಿತ್ತು. ಆದರೆ ತಿಳಿಯದ್ದನ್ನು ತಿಳಿದಂತೆ ನಟಿಸುವ ಚಾಳಿ ಅವಳಿಗಿರಲಿಲ್ಲ. ತಿಳಿಯುವ ತನಕ ಕೇಳುತ್ತಿದ್ದಳು, ಕಣ್ಣಾರೆ ಕಾಣುವ ತನಕ ನಂಬುತ್ತಿರಲಿಲ್ಲ. ತುಂಡಿನ ಮುಕ್ಕಾಲು ಭಾಗ ಸೀಲಾಗಿ ಪ್ರಯೋಗಾಲಯಕ್ಕೆ ಹೋಗಿತ್ತು. ಉತ್ತರ ಬರಲು ವಾರಗಳು ಬೇಕು. ಅಷ್ಟು ಹೊತ್ತು ಇರಲಿಲ್ಲ. ಅದೇ ನೂಲು ನೆಲಕ್ಕೂ ಮಾಳಿಗೆಗೂ ಬಿದ್ದಿದೆ, ನಾಳೆ ಮಗ್ಗದ ಮೇಲೆ ಕೂತಾಗ ತಲೆಯ ಮೇಲೆ ಬಿದ್ದರೇನು ಗತಿ ಎಂದು ಹೆದರಿದ ಸಂಘದ ಹೆಂಗಸರು ಇಡೀ ಕಟ್ಟಡ ಕೆಡವಿಸಲು ನಿಶ್ಚಯಿಸಿದ್ದರು. ಜೆಸಿಬಿ ನಾಳೆ ಬೆಳಿಗ್ಗೆ ಬರುವುದಿತ್ತು.

"ಏಳು," ಎಂದಳು ಶೈಲಾ. "ಗ್ವಾಡಿಗೆ ಅಂಟ್ಕೊಂಡು ಉಳಿದ ಸಜ್ಜಾ ಐತಲ್ಲ, ಅದನ್ನ ಕೇಳೂಣು."

* * *

ಮಗ್ಗದ ಮನೆ ಇಟ್ಟಿಗೆಯ ಮೈಯಲ್ಲೇ ನಿಂತಿತ್ತು. ಗಿಲಾವು ಇನ್ನೂ ಆಗಿರಲಿಲ್ಲ. ಒಳಗೆ ಕುಣಿಮಗ್ಗಗಳಿಗೆಂದು ತೋಡಿದ ಕುಣಿಗಳು ಸಾಲಾಗಿ ಕಾಯುತ್ತಿದ್ದವು. ಮುಂಭಾಗದಲ್ಲಿ ಸಜ್ಜಾ ಇದ್ದ ಜಾಗದಲ್ಲಿ ಗೋಡೆಯಿಂದ ಗೇಣುದ್ದದ ಮೊಟಕು ಮಾತ್ರ ಉಳಿದು, ಕಬ್ಬಿಣದ ಸರಳುಗಳು ಕೆಳಗೆ ಬಾಗಿ ಜೋತಿದ್ದವು.

ಏಣಿಯನ್ನು ಇಮಾಮಹುಸೇನ ಹಿಡಿದ. ಶೈಲಾ ಹತ್ತಿದಳು. ಆಫ್ರೀನಳಿಗೆ ದೂರ ನಿಲ್ಲಲು ಹೇಳಿದ್ದಳು. ಸಾಕ್ಷಿಯ ಮೇಲೆ ಅವಳ ಕೈ ಬೀಳಬಾರದು.

ಮುರಿದ ಅಂಚಿನಲ್ಲಿ ಎಳೆಗಳು ಮೂರು ದಿನದ ಗಡ್ಡದಂತೆ ಚಾಚಿಕೊಂಡಿದ್ದವು. ಶೈಲಾ ಒಂದು ಹಿಡಿ ಕಿತ್ತಳು. ಕೆಳಗಿಳಿದು, ಕತ್ತರಿಸಿದ ನೀರಿನ ಬಾಟಲಿಯಲ್ಲಿ ಲಿಂಬೆರಸ ಹಾಕಿ ತೊಳೆದಳು.

ಎಳೆಗಳು ಬೆಳ್ಳಗಿದ್ದವು.

ಇನ್ನೊಂದು ಬಾಟಲಿಯ ನೀರಿಗೆ ಹಾಕಿದಳು. ತೇಲಿದವು. ಒಂದು ಹನಿ ಸೋಪು ಬಿಟ್ಟು, ಬೆರಳಿನಿಂದ ತಳಕ್ಕೆ ಒತ್ತಿ ಹಿಡಿದು ಬಿಟ್ಟಳು. ಒಂದೊಂದೇ ಮೇಲೆ ಬಂದು ನೀರಿನ ಮೇಲೆ ಚದುರಿದವು.

ಕಡ್ಡಿ ಗೀರಿದಾಗ ಗಾಳಿಯಲ್ಲಿ ಆಗಷ್ಟೇ ಆರಿಸಿದ ಮೇಣಬತ್ತಿಯಂಥ ವಾಸನೆ ಹರಡಿತು.

ಶೈಲಾ ತಲೆಯೆತ್ತಿದಳು. ದೂರದಲ್ಲಿ ಆಫ್ರೀನ ದುಪಟ್ಟಾದ ಅಂಚು ಕಚ್ಚಿಕೊಂಡು ಅಳುತ್ತಿದ್ದಳು.

"ಇಲ್ಲಿ ಬಾ," ಕರೆದಳು ಶೈಲಾ. "ಗ್ವಾಡಿಯೊಳಗಿನ ನೂಲು ನಿಂದೇ. ಠಾಣೆಗೆ ಬಂದ ತುಂಡು ಈ ಸಜ್ಜಾದ್ದೇ ಅಲ್ಲ. ಆದ್ರ ಒಂದು ಹೇಳು. ನಿನ್ನ ನೂಲು ಅಷ್ಟು ಛಲೋ ಇದ್ರ ಸಜ್ಜಾ ಯಾಕ ಬಿತ್ತು?"

"ನೂಲು ಭಾರ ಹೊರೂದಿಲ್ಲರಿ. ಭಾರ ಹೊರೂದು ಸರಳು." ಆಫ್ರೀನ ಮೂಗು ಒರೆಸಿಕೊಂಡಳು. "ಮಣ್ಣಿನ ಗ್ವಾಡಿ ಮೆತ್ತೂವಾಗ ಹೊಟ್ಟು ಯಾಕ ಕಲಸ್ತಾರ್ರಿ? ಒಣಗೂವಾಗ ಬಿರುಕು ಬಿಡಬಾರದು ಅಂತ. ಇದೂ ಹಂಗ. ನಮ್ಮ ಬಿಸಲಿಗೆ ಕಾಂಕ್ರೀಟು ಭಡಾಭಡಾ ಒಣಗತೈತಿ. ಮೈತುಂಬ ಸಣ್ಣ ಬಿರುಕು ಏಳ್ತಾವು. ಆ ಬಿರುಕು ಅಗಲ ಆಗದಂಗ ನೂಲು ಹಿಡಕೊಂತೈತಿ. ಅಷ್ಟ. ಹೊಟ್ಟಿನಿಂದ ಯಾರೂ ತೊಲಿ ಮಾಡೂದಿಲ್ಲಲ್ರಿ."

"ಸರಳು ಸರಿ ಅದಾವ?"

"ನೋಡ್ರಿ, ಮ್ಯಾಲಿನ ಮೈಯಾಗ ಅದಾವು. ಸಜ್ಜಾಕ್ಕ ಹಂಗ ಇರಬೇಕು. ಸರಳೂ ಸರಿ, ನೂಲೂ ಸರಿ. ಆದ್ರ ಶುಕ್ರವಾರ ಹಾಕಿದ ಕಾಂಕ್ರೀಟು ಸೋಮವಾರಕ್ಕ ಹಸಿಗೂಸು ಇದ್ದಂಗ. ಎರಡು ವಾರ ಆದ್ರೂ ಕೆಳಗ ಸೆಂಟ್ರಿಂಗ್ ಕಂಬ ಇರಾಕಬೇಕು."

ಶೈಲಾ ಸುತ್ತ ನೋಡಿದಳು. ಸೆಂಟ್ರಿಂಗಿನ ಕಟ್ಟಿಗೆ ಕಂಬಗಳು ಪಕ್ಕದ ಗೋಡೆಯ ಬುಡದಲ್ಲಿ ಬಿದ್ದಿದ್ದವು. ಒಂದೂ ಮುರಿದಿರಲಿಲ್ಲ. ಸಜ್ಜಾ ಕುಸಿದಾಗ ಅವು ಕೆಳಗಿದ್ದಿದ್ದರೆ ಚೂರಾಗಬೇಕಿತ್ತು.

"ಬೀಳೂಕಿಂತ ಮೊದಲ ಯಾರೋ ತಗದಾರ," ಎಂದ ಇಮಾಮಹುಸೇನ ಮೆಲ್ಲಗೆ.

ಗುತ್ತೇದಾರ ಮೇಸ್ತ್ರಿ ಹುಲ್ಲಪ್ಪ ಆಗಲೇ ಬಂದು ಉಸುಕಿನ ಗುಡ್ಡೆಯ ಮೇಲೆ ಕೂತಿದ್ದ. ದಪ್ಪ ಮೀಸೆಯ, ದೊಡ್ಡ ಮೈಯ ಮನುಷ್ಯ. ಸೋಮವಾರದಿಂದ ಸರಿಯಾಗಿ ಉಂಡಂತಿರಲಿಲ್ಲ.

"ಕಂಬ ಯಾರು ಬಿಚ್ಚಿದ್ರು, ಹುಲ್ಲಪ್ಪ?"

"ನಾ ಅಲ್ಲರಿ. ನಮ್ಮ ಮಂದಿನೂ ಅಲ್ಲ. ರವಿವಾರ ಸೂಟಿ. ನಾ ಪಟ್ಟದಕಲ್ಲಿಗೆ ಮಗಳ ಮನಿಗೆ ಹೋಗಿದ್ನಿ. ಸೋಮವಾರ ಮುಂಜಾನಿ ಮೊದಲನೇ ಬಸ್ಸಿಗೆ ಬಾದಾಮಿಗೆ ಬಂದು, ಅಲ್ಲಿಂದ ಇಳಕಲ್ಲಿಗೆ ಬರೂದ್ರಾಗ ಇಲ್ಲಿ ಊರ ಸೇರಿತ್ತು."

"ಆ ತುಂಡನ್ನ ಠಾಣೆಗೆ ತಂದು ಕೊಟ್ಟಾವ ನೀನಲ್ಲ?"

ಹುಲ್ಲಪ್ಪ ನೆಲ ನೋಡಿದ. "ನನ್ನ ಮ್ಯಾಲ ಬರ್ತೈತಿ ಅಂತ ಅಂಜಿಕಿ ಆತ್ರಿ. ಅಷ್ಟರಾಗ ನೀಲಪ್ಪ ಸಾವಕಾರ್ರು ಕಾಲಾಗ ಬಿದ್ದಿದ್ದ ಆ ತುಂಡು ತೋರಿಸಿ, 'ಇಕಾ, ಇದರಾಗ ದಾರ ಐತಿ ನೋಡು, ಇದನ್ನ ಪೊಲೀಸರಿಗೆ ಕೊಡು' ಅಂದ್ರು. ನಾ ಕೊಟ್ಟೆ. ನೂಲು ಕಲಸಿದ್ದು ಆಫ್ರೀನವ್ವ ಹೇಳಿದಂಗ ನಾನ ಅಲ್ರಿ? ಬಣ್ಣ ನೋಡಾಕ ಹೋಗಲಿಲ್ಲ."

"ಯಾವ ನೀಲಪ್ಪ?"

"ಇಳಕಲ್ಲಾಗ ಒಬ್ಬರ ಇರೂದು, ಮೇಡಂ," ಎಂದ ಇಮಾಮಹುಸೇನ. "ಪವರ್‌ಲೂಮ್ ನೀಲಪ್ಪ."

* * *

ನೀಲಪ್ಪನ ಅಂಗಡಿಯ ಹಿಂದೆಯೇ ಅವನ ಪವರ್‌ಲೂಮುಗಳು. ಮಾತು ಕೇಳಿಸಬೇಕಾದರೆ ದನಿ ಏರಿಸಬೇಕು. ಮುಂದಿನ ಗಾಜಿನ ಕಪಾಟಿನಲ್ಲಿ ಟೋಪಿ ತೆನಿ ವಿನ್ಯಾಸದ ಸೆರಗಿನ ಸೀರೆಗಳು ಮಡಿಕೆ ಮಡಿಕೆಯಾಗಿ ಕೂತಿದ್ದವು. ಮೇಲೆ ಹಲಗೆ: ಅಸಲಿ ಇಳಕಲ್ ಕೈಮಗ್ಗದ ಸೀರೆ, ರೇಷ್ಮೆ ಸೆರಗು.

"ಬರ್ರಿ ಮೇಡಂ, ಕೂಡ್ರಿ. ಚಾ ತರಸ್ತೇನಿ." ನೀಲಪ್ಪ ಎದ್ದು ನಿಂತ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಮಾತು ನಯವಾಗಿತ್ತು. ಕಣ್ಣು ಮಾತ್ರ ಬೀದಿಯ ಕಡೆಗೆ ಮತ್ತೆ ಮತ್ತೆ ಹೋಗುತ್ತಿತ್ತು.

"ಚಾ ಆಮ್ಯಾಲ. ಒಂದು ದಾಳಿಂಬಿ ಬಣ್ಣದ ಸೀರಿ ತೋರಿಸ್ರಿ."

ಅವನು ತೋರಿಸಿದ. ಶೈಲಾ ಸೆರಗು ಬಿಚ್ಚಿ ಅದರ ತುದಿಯ ಕುಚ್ಚು ಮುಟ್ಟಿದಳು. "ಇದರಾಗಿಂದ ಒಂದು ಎಳಿ ತಗೊಳ್ಲೇನು?"

"ಯಾಕ್ರಿ?"

"ಸುಡಾಕ."

ನೀಲಪ್ಪನ ಕೈ ಸೀರೆಯ ಮೇಲೆ ಬಂತು. ಒಂದು ಕ್ಷಣ ಹಾಗೇ ನಿಂತು, ಆಮೇಲೆ ತಾನಾಗಿಯೇ ಹಿಂದೆ ಸರಿಯಿತು. "ಸುಡಬ್ಯಾಡ್ರಿ. ಗೊತ್ತೈತಿ ನನಗ. ಗಂಟು ಕಟ್ತೈತಿ."

"ರೇಷ್ಮಿ ಆಗಿದ್ರ?"

"ಕೂದಲ ಸುಟ್ಟ ವಾಸನಿ ಬಂದು ಬೂದಿ ಆಗ್ತಿತ್ತು." ಅವನು ಕುರ್ಚಿಯಲ್ಲಿ ಕುಸಿದ. "ಪಾಲಿಯೆಸ್ಟರ್ ಏನು ವಿಷ ಅಲ್ಲರಿ ಮೇಡಂ. ಹೊಲಕ್ಕ ಹೋಗೂ ಹೆಣ್ಣುಮಕ್ಕಳಿಗೆ ಅದೇ ಬೇಕು. ಎಷ್ಟು ತೊಳದ್ರೂ ಬಣ್ಣ ಬಿಡೂದಿಲ್ಲ, ಗಳಿಗ್ಯಾಗ ಒಣಗತೈತಿ, ಇಸ್ತ್ರಿ ಬೇಡೂದಿಲ್ಲ, ಹುಳ ಹತ್ತೂದಿಲ್ಲ."

"ಹಂಗಿದ್ರ ಹಲಗಿ ಮ್ಯಾಲ ಪಾಲಿಯೆಸ್ಟರ್ ಅಂತ ಬರಸ್ಬೇಕಿತ್ತು."

ಅವನು ಒಮ್ಮೆ ಹಲಗೆಯ ಕಡೆ ನೋಡಿದ.

ಶೈಲಾ ಕಿಸೆಯಿಂದ ಕರವಸ್ತ್ರ ತೆಗೆದು ಬಿಚ್ಚಿದಳು. ಲಿಂಬೆಯಲ್ಲಿ ತೊಳೆದ ಎಳೆಯನ್ನು ಸೆರಗಿನ ಪಕ್ಕಕ್ಕಿಟ್ಟಳು. ಎರಡೂ ಒಂದೇ ಬಣ್ಣ, ಒಂದೇ ಹೊಳಪು. ಇಟ್ಟ ಮೇಲೆ ಯಾವುದು ಯಾವುದೆಂದು ಅವಳಿಗೇ ಹುಡುಕಬೇಕಾಯಿತು.

"ಸಜ್ಜಾದ ರಾಶಿಯೊಳಗ ನೀವು ಹುಲ್ಲಪ್ಪಗ ತೋರಿಸಿದ ತುಂಡಿನ್ಯಾಗ ಇದು ಇತ್ತು. ಇದು ನಿಮ್ಮ ಮಾಲು. ಶಿವಬಸವ್ವ ಏನು ಹೇಳಿದ್ದಳು, ನೆನಪೈತಲ್ಲ? ಮಗ್ಗದ ಮನಿ ಮುಂದಿನ ಖೋಲ್ಯಾಗ ಒಂದು ಟೇಬಲ್ಲು. ಯಾರರ ಬರ್ಲಿ, ಯಾವ ಅಂಗಡಿ ಸೀರಿನರ ತರ್ಲಿ, ಎಳಿ ತಗದು ಸುಟ್ಟು ತೋರಸ್ತೇವಿ ಅಂತ. ಆ ಮನಿ ಎದ್ದು ನಿಂತ್ರ ನಿಮ್ಮ ಈ ಹಲಗಿ ಇಳಿಸಬೇಕಾಗ್ತಿತ್ತು."

"ಹೌದು," ಎಂದ ನೀಲಪ್ಪ. "ಆ ಮನಿ ಬೀಳ್ಲಿ ಅಂತ ಬೈದೇನಿ. ಹೆಂಡ್ತಿ ಮುಂದ ಬೈದೇನಿ, ದೇವರ ಮುಂದೂ ಬೈದೇನಿ. ಕೆಡವಿಲ್ಲ."

"ತುಂಡು ಅಲ್ಲಿ ತಂದಿಟ್ಟಾವ ನೀವಲ್ಲ?"

"ಅಲ್ಲ. ಅಲ್ಲೇ ಬಿದ್ದಿತ್ತು. ದಾರ ಕಂಡಿತು, ಹುಲ್ಲಪ್ಪಗ ತೋರಿಸ್ದೆ. ಸಿಟ್ಟಿತ್ತು ನನಗ ಆ ಹುಡುಗಿ ಮ್ಯಾಲ. ಅದನ್ನ ಒಪ್ಕೊಂತೇನಿ."

"ನೀವು ಅಲ್ಲಿಗೆ ಹೋಗಿದ್ದು ಯಾವಾಗ?"

ನೀಲಪ್ಪ ಬೀದಿ ನೋಡಿದ. "ಬಿದ್ದ ಸಪ್ಪಳ ಕೇಳಿ ಓಡಿ ಹೋದೆ. ಎಲ್ಲಾರ ಗತೆ."

ಶೈಲಾ ಆ ಮಾತನ್ನು ನುಂಗಿಕೊಂಡಳು. ಅಂಗಡಿಯಿಂದ ಮಗ್ಗದ ಮನೆಗೆ ಜೀಪಿನಲ್ಲಿ ಬಂದಾಗಲೂ ಸಾಕಷ್ಟು ದೂರವೆನಿಸಿತ್ತು. ಲೂಮುಗಳ ಈ ಗದ್ದಲದಲ್ಲಿ ಪಕ್ಕದ ಓಣಿಯಲ್ಲಿ ಮನೆಯೇ ಬಿದ್ದರೂ ಕೇಳುವಂತಿರಲಿಲ್ಲ.

ಹಿಂದಿನ ಬಾಗಿಲ ಬಳಿ ಚೀಲಗಳ ಸಾಲಿತ್ತು. ಲೂಮಿನ ಅಂಚಿನಿಂದ ಕತ್ತರಿಸಿ ಬಿದ್ದ ದಾರದ ತುಣುಕುಗಳು. ದಾಳಿಂಬೆ, ನವಿಲುಗತ್ತು, ಅರಿಶಿಣ. ಅವಳು ಕೈ ಹಾಕಿ ಒಂದು ಹಿಡಿ ತೆಗೆದಳು.

"ಈ ಕಸ ಎಲ್ಲಿ ಹೋಗ್ತೈತಿ?"

"ಮೊದಲ ಹಳ್ಳದ ದಂಡಿಗೆ ಸುಡ್ತಿದ್ವಿ. ಈಗೀಗ ಒಬ್ಬಾಕಿ ಬಂದು ಚೀಲ ಚೀಲ ಒಯ್ತಾಳ."

"ಯಾರು?"

ನೀಲಪ್ಪ ಮೊದಲ ಬಾರಿ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಶಿವಬಸವ್ವ."

* * *

ಜೀಪು ಬಾಗಲಕೋಟೆಯ ದಾರಿಯಲ್ಲಿ ಹುನಗುಂದ ದಾಟಿ ಅಮೀನಗಡ ತಲುಪಿತು. ಹಿಂದೆ ಕೂತಿದ್ದ ಆಫ್ರೀನ ಕೊನೆಗೆ ತಡೆಯಲಾರದೆ ಕೇಳಿದಳು.

"ಶಿವಕ್ಕ ಹಂಗ್ಯಾಕ ಮಾಡ್ತಾಳ್ರಿ? ನನ್ನ ಮಗಳಗತೆ ನೋಡ್ಕೊಂಡಾಕಿ."

"ಕೇಳೂಣು," ಎಂದಳು ಶೈಲಾ. ಇಮಾಮಹುಸೇನನನ್ನು ಠಾಣೆಯಲ್ಲೇ ಬಿಟ್ಟು ಬಂದಿದ್ದಳು. ನಿನ್ನೆ ರಾತ್ರಿ ಶಸ್ತ್ರಕ್ರಿಯೆ ಮುಗಿದ ಶಿವಬಸವ್ವನಿಗೆ ಇವತ್ತು ಮಧ್ಯಾಹ್ನ ಪೂರ್ತಿ ಎಚ್ಚರ ಬಂದಿದೆ ಎಂದು ಸೊಸೆ ಫೋನು ಮಾಡಿದ್ದಳು.

ಬಾಗಲಕೋಟೆಯ ನವನಗರದ ಆ ಖಾಸಗಿ ದವಾಖಾನೆಯ ಮೂಲೆಯ ಕೋಣೆಯಲ್ಲಿ ಶಿವಬಸವ್ವ ದಿಂಬಿಗೆ ಒರಗಿ ಕೂತಿದ್ದಳು. ಕಾಲಿಗೆ ದಪ್ಪ ಬಿಳಿ ಪಟ್ಟಿ. ಸೊಸೆ ಬಟ್ಟಲಲ್ಲಿ ಗಂಜಿ ಹಿಡಿದು ಕಾಯುತ್ತಿದ್ದಳು. ಆಫ್ರೀನಳನ್ನು ಕಂಡದ್ದೇ ಮುದುಕಿಯ ಮುಖ ಅರಳಿತು.

"ಬಾರವ್ವ ನನ್ನ ತಾಯಿ! ಮಾರಿ ಯಾಕ ಹಿಂಗ ಬತ್ತಿ ಹೋಗೇತಿ? ಮುರದದ್ದು ನನ್ನ ಕಾಲು, ನಿಂದಲ್ಲ."

ಆಫ್ರೀನ ಹೋಗಿ ಅವಳ ಕೈ ಹಿಡಿದುಕೊಂಡಳು.

ಶೈಲಾ ಮಂಚದ ಬಳಿ ಸ್ಟೂಲು ಎಳೆದು ಕೂತಳು. ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿದ್ದ, ಠಾಣೆಯಲ್ಲಿ ಉಳಿದಿದ್ದ ತುಂಡನ್ನು ತೋರಿಸಿದಳು. "ಅವ್ವಾ, ಇದು ಏನಂತ ಗೊತ್ತೈತೇನು?"

ಶಿವಬಸವ್ವ ಅದನ್ನು ಇಸಿದುಕೊಂಡು ತಿರುಗಿಸಿ ನೋಡಿ ನಕ್ಕೇಬಿಟ್ಟಳು.

"ಗೊತ್ತಿಲ್ಲೇನು! ನಾನ ಮಾಡಿದ್ದು. ಅಯ್ಯ, ಒಡದಾರಲ್ಲ! ಇದು ನನ್ನ ಫರಸಿ."

"ಫರಸಿ?"

"ನೀಲಪ್ಪ ಆ ದಾರ ಸುಟ್ರ ನಮ್ಮ ಓಣಿ ಕೂಸುಗಳು ರಾತ್ರೆಲ್ಲಾ ಕೆಮ್ಮತಿದ್ದುವು. ಆಫ್ರೀನವ್ವ ಕಾಂಕ್ರೀಟಿಗೆ ನೂಲು ಹಾಕಸೂದು ನೋಡಿದ್ನಿ. ಅದೂ ಪ್ಲಾಸ್ಟಿಕ್ಕು, ಇದೂ ಪ್ಲಾಸ್ಟಿಕ್ಕು. ಇದನ್ನೂ ಯಾಕ ಹಾಕಬಾರದು ಅಂತ ಹಿತ್ತಲದಾಗ ಸಿಮೆಂಟು ಕಲಸಿ, ಚೌಕಟ್ಟಿನ್ಯಾಗ ಎರಕಾ ಹೊಯ್ದು ಫರಸಿ ಮಾಡಿದ್ನಿ. ಮಗ್ಗದ ಮನಿ ಅಂಗಳಕ್ಕ ಹಾಸಾಕ. ಸೋಮವಾರ ಇಕಿಗೆ ತೋರಿಸಬೇಕಂತ ಒಂದು ಚೀಲದಾಗ ಹಾಕ್ಕೊಂಡು ಹೋಗಿದ್ನಿ."

ಆಫ್ರೀನ ಅಳುತ್ತಲೇ ನಗತೊಡಗಿದಳು.

"ಶಿವಕ್ಕಾ! ಈ ಫರಸಿ ಸಲುವಾಗಿ ನನ್ನ ಜೈಲಿಗೆ ಕಳಸ್ತಿದ್ದೆಲ್ಲ ನೀ!"

ಸಂಗತಿ ತಿಳಿದ ಮೇಲೆ ಶಿವಬಸವ್ವ ಎದೆ ಎದೆ ಬಡಿದುಕೊಂಡಳು. ಸೊಸೆಯ ಫೋನು ಕಸಿದುಕೊಂಡು ಇಳಕಲ್ಲಿಗೆ ಹಚ್ಚಿದಳು. ಅತ್ತ ಸಂಘದ ಹೆಂಗಸರಿಗೆ ಅವಳು ಹೇಳಿದ್ದು ಪಕ್ಕದ ಕೋಣೆಯವರಿಗೂ ಕೇಳಿಸಿತು. "ಜೆಸಿಬಿಗೆ ಬರಬ್ಯಾಡ ಅನ್ರಿ! ಒಂದು ಇಟ್ಟಂಗಿ ಮುಟ್ಟೀರಿ ಅಂದ್ರ ಒಂದ ಕಾಲಿಲೆ ಕುಂಟಕೋಂತ ಬರ್ತೇನಿ! ಹುಡುಗಿ ನೂಲು ಬಂಗಾರದಂಥದ್ದು ಐತಿ, ಮೇಡಂ ಕಣ್ಣಾರೆ ನೋಡ್ಯಾರ!"

ಫೋನು ಕೆಳಗಿಟ್ಟು, ಆಸೆಯಿಂದ ಆಫ್ರೀನಳ ಕಡೆ ತಿರುಗಿದಳು. "ನನ್ನ ಫರಸಿ ಹೆಂಗೈತಿ ಹೇಳು. ಗಟ್ಟಿ ಐತಲ್ಲ?"

"ಇವತ್ತು ಗಟ್ಟಿ ಐತಿ," ಆಫ್ರೀನ ಕಣ್ಣೊರೆಸಿಕೊಂಡು, ತುಂಡನ್ನು ಕೈಗೆತ್ತಿಕೊಂಡಳು. ಈಗ ಅವಳ ದನಿಯಲ್ಲಿ ನಡುಕವಿರಲಿಲ್ಲ. "ಆದ್ರ ಸಿಮೆಂಟಿನ್ಯಾಗ ಕ್ಷಾರ ಭಾಳ, ಅಕ್ಕಾ. ಪಾಲಿಯೆಸ್ಟರಿಗೆ ಅದು ಆಗಿ ಬರೂದಿಲ್ಲ. ಒಳಗೊಳಗ ಮೆಲ್ಲಕ ಶಕ್ತಿ ಕಳಕೊಂತೈತಿ. ನನ್ನ ನೂಲಿಗೆ ಕ್ಷಾರ ಏನೂ ಮಾಡೂದಿಲ್ಲ, ಅದಕ್ಕ ಅದನ್ನ ಆರಿಸಿದ್ದು."

ಶಿವಬಸವ್ವನ ಮುಖ ಇಳಿಯಿತು. "ಅಂದ್ರ ಮತ್ತ ಸುಡೂದ?"

"ಸುಡೂದು ಯಾಕ? ಮಣ್ಣಿಗೆ ಕಲಸಿ ನೋಡೂಣು. ಸಿಮೆಂಟು, ಸುಣ್ಣ ಹಾಕದ ಮಣ್ಣಿನ ಇಟ್ಟಂಗಿಗೆ. ಹೊಟ್ಟು ಕೊಳೀತೈತಿ, ಗೆದ್ದಲ ತಿಂತಾವು. ಇದನ್ನ ಯಾವ ಗೆದ್ದಲಾನೂ ತಿನ್ನೂದಿಲ್ಲ. ನಿಲ್ತೈತೋ ಇಲ್ಲೋ ಈಗ ಹೇಳಾಕ ಬರೂದಿಲ್ಲ. ನಾವಿಬ್ಬರೂ ಕೂಡೇ ಮಾಡೂಣು, ಒತ್ತಿ ನೋಡೂಣು, ಮಳಿಗೆ ಇಟ್ಟು ನೋಡೂಣು."

"ಕಾಲು ನೆಟ್ಟಗಾಗ್ಲಿ," ಎಂದಳು ಶಿವಬಸವ್ವ. "ಮಣ್ಣು ತುಳಿಯಾಕ ಎರಡೂ ಕಾಲು ಬೇಕು."

ಸೊಸೆ ನಕ್ಕಳು. ಆಫ್ರೀನ ನಕ್ಕಳು. ಶೈಲಾಳಿಗೂ ನಗು ಬಂತು. ಸೋಮವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಅರ್ಧ ಇಳಿದಂತಾಯಿತು. ಹುಡುಗಿ ನಿರಪರಾಧಿ. ಕಟ್ಟಡ ಉಳಿಯಿತು. ಮುದುಕಿ ಬದುಕಿದ್ದಾಳೆ, ಬೈಯುತ್ತಿದ್ದಾಳೆ.

ಉಳಿದ ಅರ್ಧ ಇನ್ನೂ ಇತ್ತು.

"ಅವ್ವಾ, ಇನ್ನೊಂದು ಮಾತು. ಸೋಮವಾರ ನೀವು ಹೋದಾಗ ಸಜ್ಜಾದ ಕೆಳಗ ಸೆಂಟ್ರಿಂಗ್ ಕಂಬ ಇದ್ದುವೇನು?"

"ಇದ್ದುವಲ್ಲರಿ. ನನ್ನ ಚೀಲ ಒಂದು ಕಂಬದ ಮೊಳಿಗೆ ತೂಗು ಹಾಕಿದ್ನಿ. ಬಿಸಲು ತಾಗಬಾರದು ಅಂತ ಸಜ್ಜಾದ ಅಂಚಿಗೆ ಹಸರ ಜಾಳಗಿ ಪರದೆ ಇಳಿಬಿಟ್ಟಿದ್ರು ಹುಲ್ಲಪ್ಪನ ಮಂದಿ. ನಾ ಪರದೆ ಒಳಗ ನಿಂತು, ಗ್ವಾಡಿಗೆ ನೀರು ಹೊಡೀತಿದ್ನಿ."

"ಆಮ್ಯಾಲ?"

"ಹೊರಗ ಠಕ್ ಠಕ್ ಅಂತ ಸುತ್ತಿಗಿ ಸಪ್ಪಳ. ಕೆಲಸದವರು ಲಗೂನ ಬಂದಾರ ಅನ್ಕೊಂಡ್ನಿ. ಪರದೆ ಮ್ಯಾಲ ಒಬ್ಬನ ನೆರಳು ಆಚೆ ಈಚೆ ಓಡ್ಯಾಡ್ತಿತ್ತು. ಒಂದು ಕಂಬ ಹೋತು. ಇನ್ನೊಂದು ಹೋತು. ನಾ 'ಯಾರಪಾ ಅದು' ಅಂದೆ. ಉತ್ತರಿಲ್ಲ. ಸುತ್ತಿಗಿ ಮಾತ್ರ ಜೋರಾತು."

ಆಫ್ರೀನಳ ಕೈ ಶಿವಬಸವ್ವನ ಕೈಯನ್ನು ಬಿಗಿಯಾಗಿ ಹಿಡಿಯಿತು.

"ಅಂದ್ರ ಒಳಗ ನೀವು ಅದೀರಿ ಅಂತ ಅವನಿಗೆ ಗೊತ್ತಾತು," ಎಂದಳು ಶೈಲಾ.

"ಗೊತ್ತಾಗಿರಬೇಕು. ಅಷ್ಟರಾಗ ಇನ್ನೊಂದು ದನಿ ಕೂಗಿತು. 'ಶಿವಕ್ಕಾ, ಹೊರಗ ಬಾ! ಅವ ಕಂಬ ಕೀಳಾಕತ್ತಾನ, ಹೊರಗ ಬಾ!' ಪರದೆ ಹರದು ಒಂದು ಕೈ ಒಳಗ ಬಂತು. ನನ್ನ ತೋಳು ಹಿಡದು ಜಗ್ಗಿತು ನೋಡ್ರಿ, ನಾ ಹೊರಗ ಬಿದ್ದೆ. ಕಾಲೊಂದು ಒಳಗ ಉಳೀತು. ಆ ಕೈ ಇಲ್ಲದಿದ್ರ ಕಾಲಲ್ಲ, ತಲಿ ಹೋಗ್ತಿತ್ತು."

"ಆ ಕೈ ಯಾರದು?"

ಶಿವಬಸವ್ವ ಇದು ಎಲ್ಲರಿಗೂ ಗೊತ್ತಿರುವ ಮಾತೆಂಬಂತೆ ನೋಡಿದಳು. "ನೀಲಪ್ಪಂದು. ಹೇಳಿಲ್ಲೇನು ಅವ? ಹತ್ತು ವರ್ಷ ಆತು ನಮ್ಮಿಬ್ಬರಿಗೂ ಮಾತಿಲ್ಲ, ಬರೇ ಜಗಳ. ಆದ್ರ ಅವತ್ತು ಜೀವ ಉಳಿಸಿದಾವ ಅವನ."

ಶೈಲಾ ಎದ್ದು ನಿಂತಳು.

ಸಪ್ಪಳ ಕೇಳಿ ಓಡಿ ಹೋದೆ ಅಂದಿದ್ದ ನೀಲಪ್ಪ. ಸುಳ್ಳು. ಅವನು ಮೊದಲೇ ಅಲ್ಲಿದ್ದ. ಕಂಬ ಕಿತ್ತವನನ್ನು ಕಣ್ಣಾರೆ ಕಂಡಿದ್ದ. ಒಂದು ಜೀವ ಉಳಿಸಿದ್ದನ್ನೂ ಬಾಯಿಬಿಟ್ಟು ಹೇಳಿಕೊಳ್ಳದಷ್ಟು ಯಾರಿಗೆ ಹೆದರಿದ್ದ? ಬೀದಿಯ ಕಡೆ ಯಾರನ್ನು ಕಾಯುತ್ತಿದ್ದ?

ಅವಳು ಠಾಣೆಗೆ ಫೋನು ಹಚ್ಚುವ ಮೊದಲೇ ಅವಳ ಫೋನು ಮೊಳಗಿತು. ಇಮಾಮಹುಸೇನ.

"ಮೇಡಂ, ನೀಲಪ್ಪ ಠಾಣೆಗೆ ಬಂದಾನ. ತಾನಾಗೇ. ನನ್ನ ಒಳಗ ಹಾಕ್ರಿ, ಹೊರಗಿದ್ರ ಉಳಿಯೂದಿಲ್ಲ ಅಂತಾನ."

"ಯಾರು ಅಂತ ಹೇಳಿದ್ನೇನು? ಕಂಬ ಕಿತ್ತಾವ?"

"ಹೆಸರು ಗೊತ್ತಿಲ್ಲ ಅಂತಾನ. ಮಾರಿ ಗೊತ್ತಂತ. ಇವನ ಸೀರಿ ಎಲ್ಲಾ ಬಾದಾಮಿಯ ಒಬ್ಬ ದೊಡ್ಡ ವ್ಯಾಪಾರಿ ಕೈಗೆ ಹೋಗಿ ರೇಷ್ಮಿ ಅಂತ ಮಾರಾಟ ಆಗ್ತಾವಂತ, ಅಲ್ಲಿಂದ ಬಂದ ಮನುಷ್ಯಾ. ರವಿವಾರ ಇವನ ಅಂಗಡಿಗೆ ಬಂದು, ಮಗ್ಗದ ಮನಿ ಎಲ್ಲಿ ಐತಿ ಅಂತ ಕೇಳಿ ಹೋಗಿದ್ನಂತ. ಸಂಶೇ ಬಂದು ಸೋಮವಾರ ನೀಲಪ್ಪ ಮುಂಜಾನೆದ್ದು ಅಲ್ಲಿಗೆ ಹೋಗ್ಯಾನ." ಇಮಾಮಹುಸೇನ ಉಸಿರು ಎಳೆದುಕೊಂಡ. "ಮೇಡಂ, ನೀವು ಹ್ವಾದ ಬೆನ್ನಿಗೇ ಆ ಮನುಷ್ಯಾ ಮತ್ತ ಅಂಗಡಿಗೆ ಬಂದಿದ್ನಂತ. ಮುದುಕಿಗೆ ಎಚ್ಚರ ಬಂದೈತೇನು, ಯಾವ ದವಾಖಾನಿ, ಅಂತ ಕೇಳಿದ್ನಂತ."

"ನೀಲಪ್ಪ ಹೇಳಿದ್ನ?"

"ಇಂವ ಹೇಳಿಲ್ಲಂತ. ಆದ್ರ ಪಕ್ಕದ ಅಂಗಡಿಯಾವ ಹೇಳ್ಯಾನ. ನವನಗರ ಅಂತ. ಅವ ಹೊಂಟು ಭಾಳ ಹೊತ್ತಾತು."

ಶೈಲಾ ಫೋನನ್ನು ಕಿವಿಯಿಂದ ಇಳಿಸಲಿಲ್ಲ. ಇನ್ನೊಂದು ಕೈಯಿಂದ ಆಫ್ರೀನಳಿಗೆ ಮಂಚದ ಆಚೆ ಬದಿಗೆ ಹೋಗಲು ಸನ್ನೆ ಮಾಡಿದಳು. ಸೊಸೆ ಗಂಜಿಯ ಬಟ್ಟಲು ಕೆಳಗಿಟ್ಟಳು.

ಹೊರಗೆ ಮೊಗಸಾಲೆಯಲ್ಲಿ ನರ್ಸಿನ ದನಿ ಕೇಳಿಸಿತು.

"ಶಿವಬಸವ್ವನ್ನ ನೋಡಾಕ ಬಂದೀರೇನ್ರಿ? ಬರ್ರಿ, ಬರ್ರಿ. ಇದೇ ಮೂಲಿ ಖೋಲಿ."